ವೇದಿಕೆ ಬೇಡ, ಚಾಪೆ ಸಾಕು: ಕಾರವಾರದ ಬೇಸಿಗೆ ಸಂಜೆಗಳ ಬಗ್ಗೆ

(ಕಾರವಾರದ ಕೆಲವು ಗಲ್ಲಿಗಳ ಯುವಕ ಯುವತಿಯರು ಮತ್ತು ಹಿರಿಯರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಸೆಖೆಯಲ್ಲೂ ಬಂದು ಕೂತಿದ್ದೀರಿ, ತುಂಬ ಸಂತೋಷ.

ನನ್ನನ್ನು ಕರೆದವರು ಕೇಳಿದ್ದು ಒಂದೇ ಪ್ರಶ್ನೆ. ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲೋ ಕಡಲ ದಂಡೆಯಲ್ಲೋ ನಾವು ನಾವೇ ಸೇರಿ ಒಂದು ಸಂಜೆ ಖುಷಿಯಾಗಿ ಕಳೆಯಬಹುದಾ? ಯಾರ ದುಡ್ಡೂ ಇಲ್ಲದೆ, ಯಾರ ಬ್ಯಾನರೂ ಇಲ್ಲದೆ? ಖಂಡಿತ ಆಗುತ್ತದೆ. ನಮ್ಮ ಗಲ್ಲಿಯಲ್ಲಿ ಕೆಲವು ಬೇಸಿಗೆಗಳಿಂದ ಮಾಡುತ್ತಾ ಬಂದಿದ್ದೇವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವೇದಿಕೆ ಕಟ್ಟಬೇಡಿ, ದೊಡ್ಡದು ಮಾಡಬೇಡಿ. ಈ ಎರಡು ಮಾತು ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ನಿಮ್ಮ ಕೈಯಲ್ಲೇ ಇರುತ್ತದೆ.

ನಮ್ಮ ಏಪ್ರಿಲ್, ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಮೈಯೆಲ್ಲ ಬೆವರು. ಫ್ಯಾನು ತಿರುಗಿದರೂ ಬಿಸಿ ಗಾಳಿ, ಕರೆಂಟು ಹೋದರೆ ಅದೂ ಇಲ್ಲ. ಮಕ್ಕಳಿಗೆ ಶಾಲೆ ರಜೆ. ಮುಂಬೈಯಿಂದ, ಗೋವಾದಿಂದ ನೆಂಟರು ಬಂದಿರುತ್ತಾರೆ. ಮನೆ ತುಂಬ ಜನ, ಆದರೆ ಸಂಜೆ ಆದರೆ ಎಲ್ಲರೂ ಒಳಗೆ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಅದೇ ಹೊತ್ತಿಗೆ ಹೊರಗೆ ಕಡಲ ಗಾಳಿ ಬೀಸುತ್ತಿರುತ್ತದೆ. ಹಗಲು ನೆಲ ಬೇಗ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ಅದಕ್ಕೇ ಮಧ್ಯಾಹ್ನದಿಂದ ಕತ್ತಲಾಗುವ ತನಕ ಗಾಳಿ ಸಮುದ್ರದಿಂದ ನಮ್ಮ ಕಡೆಗೆ ಬರುತ್ತದೆ. ಐದರಿಂದ ಎಂಟರವರೆಗೆ ಊರಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಮನೆಯ ಹೊರಗೇ ಇದೆ. ಬಿಟ್ಟಿ ಸಿಗುವ ಈ ಗಾಳಿಗೆ ನಾವು ಬಾಗಿಲು ಹಾಕಿಕೊಂಡು ಕೂರುತ್ತೇವಲ್ಲ, ಅದು ನನಗೆ ನಿಜಕ್ಕೂ ಬೇಜಾರು.

ಕರಾವಳಿ ಉತ್ಸವ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ, ಇರಲಿ. ನಾನೂ ಹೋಗುತ್ತೇನೆ. ದೊಡ್ಡ ಗಾಯಕರು ಬರುತ್ತಾರೆ, ಟಾಗೋರ್ ಕಡಲತೀರ ತುಂಬಿರುತ್ತದೆ. ಅದು ಸರ್ಕಾರ ಮಾಡುವ ಹಬ್ಬ, ಅದರ ಲೆಕ್ಕವೇ ಬೇರೆ. ಅಲ್ಲಿ ನಾವು ನೋಡಲು ಹೋಗುತ್ತೇವೆ. ನಾನು ಹೇಳುತ್ತಿರುವ ಸಂಜೆಯಲ್ಲಿ ನೋಡಲು ಬರುವವರು ಅಂತ ಯಾರೂ ಇಲ್ಲ. ಬಂದವರೆಲ್ಲ ಏನಾದರೂ ಮಾಡುವವರೇ. ಒಬ್ಬರು ಚಾಪೆ ತಂದರು, ಒಬ್ಬರು ಹಾಡಿದರು, ಒಬ್ಬರು ಮಕ್ಕಳನ್ನು ನೋಡಿಕೊಂಡರು. ವೇದಿಕೆ ಎದ್ದ ಕೂಡಲೇ ಇದು ನಿಂತುಹೋಗುತ್ತದೆ. ಮೇಲಿದ್ದವರು ಮಾಡುತ್ತಾರೆ, ಕೆಳಗಿದ್ದವರು ಕೈ ಕಟ್ಟಿ ನೋಡುತ್ತಾರೆ. ಮೈಕು ಬಂದರೆ ಸ್ವಾಗತ ಭಾಷಣ ಬರುತ್ತದೆ, ಅದರ ಹಿಂದೆ ಸನ್ಮಾನ. ಯಾರ ಹೆಸರು ಮೊದಲು ಹೇಳಬೇಕು ಅನ್ನುವ ಮಾತು ಬರುತ್ತದೆ. ಅಷ್ಟರಲ್ಲಿ ನೆರೆಮನೆಯವರ ನಡುವೆ ಮುನಿಸು ಶುರು.

ವೇದಿಕೆ ಇಲ್ಲದೆ ಸೇರುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಶಿರಸಿಯ ಬೇಡರ ವೇಷವನ್ನೇ ನೋಡಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡನ, ಅಂದರೆ ಬೇಟೆಗಾರನ, ವೇಷ ಹಾಕಿದವನು ಬೀದಿಗಿಳಿಯುತ್ತಾನೆ. ಬೆನ್ನಿಗೆ ನವಿಲುಗರಿಯ ದೊಡ್ಡ ಕಟ್ಟು, ಕೈಯಲ್ಲಿ ಕತ್ತಿ ಗುರಾಣಿ, ಸೊಂಟಕ್ಕೆ ಹಗ್ಗ. ಆ ಹಗ್ಗ ಹಿಡಿದು ಹಿಂದೆ ಇಬ್ಬರು ಓಡುತ್ತಾರೆ, ಇಲ್ಲದಿದ್ದರೆ ಅವನು ಜನರ ಮೇಲೇ ಬಂದುಬಿಡುತ್ತಾನೆ. ಹಲಿಗೆ ಬಡಿತ ಕೇಳಿದರೆ ಮಲಗಿದ್ದವರೂ ಎದ್ದು ಬಾಗಿಲಿಗೆ ಬರುತ್ತಾರೆ. ಅಲ್ಲಿ ವೇದಿಕೆ ಎಲ್ಲಿದೆ? ರಸ್ತೆಯೇ ರಂಗ. ಊರಿಗೆಲ್ಲ ಸೇರಿ ಒಂದೇ ಬೇಡ ಅಂತಲೂ ಇಲ್ಲ. ಒಂದೊಂದು ಗಲ್ಲಿಯ ಹುಡುಗರು ತಮ್ಮದೇ ತಂಡ ಕಟ್ಟುತ್ತಾರೆ, ತಾವೇ ದುಡ್ಡು ಹೊಂದಿಸುತ್ತಾರೆ, ತಾವೇ ತಾಲೀಮು ನಡೆಸುತ್ತಾರೆ. ಇದನ್ನೆಲ್ಲ ಒಂದು ಮೈದಾನಕ್ಕೆ ತಂದು, ಕುರ್ಚಿ ಹಾಕಿ, ಟಿಕೆಟ್ ಇಟ್ಟರೆ ಏನಾಗಬಹುದು? ಬೇಡನೇನೋ ಇರುತ್ತಾನೆ, ಆದರೆ ಗಲ್ಲಿಗಳು ಸುಮ್ಮನಾಗುತ್ತವೆ.

ಕಡಲ ಕಡೆ ಬಂದರೆ ರಂಪಣಿ ಇತ್ತು. ಇಲ್ಲಿರುವ ಹಿರಿಯರು ಕಣ್ಣಾರೆ ನೋಡಿದ್ದೀರಿ. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತಿದ್ದರು. ಆಮೇಲೆ ದಂಡೆಯ ಮೇಲೆ ಎರಡೂ ಕಡೆ ಸಾಲಾಗಿ ನಿಂತು ಹಗ್ಗ ಎಳೆಯುವುದು. ದಾರಿಯಲ್ಲಿ ಹೋಗುವವನೂ ಕೈ ಹಾಕಬಹುದಿತ್ತು. ಎಳೆದವನಿಗೆ ಒಂದಿಷ್ಟು ಬಂಗಡೆಯೋ ತಾರ್ಲೆಯೋ ಸಿಗುತ್ತಿತ್ತು, ಬರಿಗೈಯಲ್ಲಿ ಯಾರೂ ಹೋಗುತ್ತಿರಲಿಲ್ಲ. 1970ರ ದಶಕದಲ್ಲಿ, ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಂದಮೇಲೆ ಆ ದೊಡ್ಡ ಬಲೆಗಳು ಮೂಲೆ ಸೇರಿದವು. ಸಣ್ಣ ಏಂಡಿ ಬಲೆ ಎಳೆಯುವವರು ಈಗಲೂ ಇದ್ದಾರೆ. ನಮ್ಮ ಗಲ್ಲಿಯ ಸಂಜೆಯೂ ರಂಪಣಿಯ ಹಾಗೆ ಇರಬೇಕು ಅಂತ ನನ್ನ ಆಸೆ. ಬಂದವನು ಹಗ್ಗಕ್ಕೆ ಕೈ ಹಾಕಲಿ, ಹೋಗುವಾಗ ಅವನ ಪಾಲು ಅವನಿಗಿರಲಿ.

ದೊಡ್ಡದು ಮಾಡಬೇಡಿ ಅಂದೆನಲ್ಲ, ಅದಕ್ಕೆ ಹೊರಗಿನ ಎರಡು ಊರಿನ ಕಥೆ ಹೇಳುತ್ತೇನೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಊರಲ್ಲಿ ಬೇಕರ್ ಬೀಚ್ ಅಂತ ಒಂದು ಕಡಲತೀರ ಇದೆ. 1986ರ ಜೂನ್‌ನಲ್ಲಿ, ವರ್ಷದ ಅತಿ ದೊಡ್ಡ ಹಗಲಿನ ಹೊತ್ತಿಗೆ, ಲ್ಯಾರಿ ಹಾರ್ವಿ ಮತ್ತು ಜೆರ್ರಿ ಜೇಮ್ಸ್ ಅನ್ನುವ ಗೆಳೆಯರು ಹಲಗೆ ಚೂರು ಜೋಡಿಸಿ ಎಂಟು ಅಡಿ ಎತ್ತರದ ಮನುಷ್ಯನ ಆಕೃತಿ ಮಾಡಿದರು. ಸಂಜೆ ದಂಡೆಗೆ ಒಯ್ದು ಸುಟ್ಟರು. ಜೊತೆಗಿದ್ದದ್ದು ಬೆರಳೆಣಿಕೆಯ ಜನ. ಬೆಂಕಿ ಕಂಡು ಬೀಚಿನ ಆ ತುದಿ ಈ ತುದಿಯಿಂದ ಜನ ಓಡಿ ಬಂದರು, ಯಾರೋ ಹಾಡತೊಡಗಿದರು. ವರ್ಷ ವರ್ಷ ಆಕೃತಿ ಎತ್ತರವಾಯಿತು, ಜನ ಹೆಚ್ಚಾದರು. 1990ರಲ್ಲಿ ಅದು 40 ಅಡಿ ಇತ್ತು. ಅಲ್ಲಿನ ಪೊಲೀಸರು ಸುಡಲು ಬಿಡಲಿಲ್ಲ. ಅದೇ ವರ್ಷ ಅದನ್ನು ನೆವಾಡಾದ ಮರುಭೂಮಿಗೆ ಒಯ್ದರು. ಇವತ್ತು ಬರ್ನಿಂಗ್ ಮ್ಯಾನ್ ಅನ್ನುವ ಆ ಹಬ್ಬ ಜಗತ್ತಿಗೇ ಗೊತ್ತು. ಎಪ್ಪತ್ತು ಸಾವಿರದಷ್ಟು ಜನ ಸೇರುತ್ತಾರೆ, ಟಿಕೆಟ್ಟಿಗೆ ನೂರಾರು ಡಾಲರ್. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆ ನನಗೆ ಬೇಡ. ಆದರೆ ಆ ಊರಿನ ಬೀಚಿಗೆ ಸಂಜೆ ತಿರುಗಾಡಲು ಬಂದವನು ದುಡ್ಡಿಲ್ಲದೆ ಸೇರಿಕೊಳ್ಳಬಹುದಾಗಿದ್ದ ಒಂದು ಸಂಜೆ ಹೋಯಿತು. ಅದರ ಬದಲಿಗೆ ಅಲ್ಲಿ ಏನೂ ಉಳಿಯಲಿಲ್ಲ.

ಇನ್ನೊಂದು ಇಂಗ್ಲೆಂಡಿನ ಬ್ರೈಟನ್. 2002ರ ಜುಲೈ 13ರಂದು ಅಲ್ಲಿಯವರೇ ಆದ ಡಿಜೆ ಫ್ಯಾಟ್‌ಬಾಯ್ ಸ್ಲಿಮ್ ಕಡಲತೀರದಲ್ಲಿ ಬಿಟ್ಟಿ ಸಂಗೀತ ಇಟ್ಟರು. ಅರವತ್ತು ಸಾವಿರ ಜನ ಬರಬಹುದು ಅಂದುಕೊಂಡಿದ್ದರು. ಬಂದದ್ದು ಸುಮಾರು ಎರಡೂವರೆ ಲಕ್ಷ. ಆಂಬುಲೆನ್ಸ್ ಹೋಗಲು ದಾರಿ ಇಲ್ಲ, ಭರತಿ ಏರುತ್ತಿದ್ದರೆ ಹಿಂದೆ ಸರಿಯಲು ಜಾಗ ಇಲ್ಲ. ಸಾವೂ ಆಯಿತು. ದಂಡೆಯ ತುಂಬ ಒಡೆದ ಗಾಜು ಮತ್ತು ಕಸ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಎಲ್ಲರೂ ಖುಷಿಪಡಲೆಂದೇ ಬಂದಿದ್ದರು. ಜನ ಜಾಸ್ತಿ ಆದದ್ದೇ ತೊಂದರೆ. ಭರತಿ ನಮ್ಮಲ್ಲೂ ಏರುತ್ತದೆ ಅಲ್ವಾ?

ಅದಕ್ಕೆ ನಮ್ಮ ಗಲ್ಲಿಯಲ್ಲಿ ಒಂದು ಕಟ್ಟುಪಾಡು ಇದೆ. ನೂರು ಜನ ದಾಟಿತು ಅಂದರೆ ಮುಂದಿನ ಸಲ ಎರಡಾಗಿ ಒಡೆಯುವುದು. ಪಕ್ಕದ ಗಲ್ಲಿಯವರಿಗೆ ನಮ್ಮ ಚಾಪೆ, ಬ್ಯಾಟರಿ ದೀಪ ಕೊಟ್ಟು, ನೀವು ಬೇರೆ ದಿನ ಮಾಡಿ, ನಾವು ಬರುತ್ತೇವೆ ಅನ್ನುವುದು. ನೂರರ ಒಳಗಿದ್ದರೆ ಯಾರ ಮಗು ಯಾರದು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಒಂದು ಮಗು ನೀರಿನ ಕಡೆ ಓಡಿದರೆ ಹತ್ತು ಜನ ಹೆಸರು ಹಿಡಿದು ಕೂಗುತ್ತಾರೆ. ಸಾವಿರ ಜನ ಇದ್ದಲ್ಲಿ ಇದಕ್ಕೆ ಕಾವಲು ಬೇಕು, ಕಾವಲಿಗೆ ದುಡ್ಡು ಬೇಕು, ದುಡ್ಡಿಗೆ ಪ್ರಾಯೋಜಕರು ಬೇಕು. ಒಮ್ಮೆ ಒಂದು ಕಂಪನಿಯವರು ಬಂದು, ಶಾಮಿಯಾನ ನಾವೇ ಹಾಕುತ್ತೇವೆ, ತಿಂಡಿ ನಾವೇ ಕೊಡುತ್ತೇವೆ, ನಮ್ಮ ಬ್ಯಾನರ್ ಮಾತ್ರ ಇರಲಿ ಅಂದರು. ಬೇಡ ಅಂದೆವು. ತಿಂಡಿ ಅವರು ಕೊಟ್ಟರೆ ಮನೆಯಿಂದ ಡಬ್ಬಿ ತರುವವರು ಯಾರು?

ಈಗ ಡಬ್ಬಿಯ ಮಾತು. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಬಹಳ ಕಡೆ ಕೆಡುವುದು ಇಲ್ಲೇ.

ನಮ್ಮ ಊರಲ್ಲಿ ಕಡಲಿಗೆ ಹತ್ತು ನಿಮಿಷದ ದಾರಿಯಲ್ಲಿ ಮನೆಯಿದ್ದೂ ವರ್ಷಗಟ್ಟಲೆ ಸಂಜೆ ಹೊತ್ತು ಕಡಲ ದಂಡೆಯಲ್ಲಿ ಕೂರದ ಹೆಂಗಸರಿದ್ದಾರೆ. ಕಾರಣ ಬಹಳ ಸರಳ. ಸಂಜೆ ಅಂದರೆ ಅವರಿಗೆ ಅಡುಗೆ ಹೊತ್ತು. ಮೀನು ತೊಳೆಯಬೇಕು, ಕಾಯಿ ತುರಿಯಬೇಕು, ಅನ್ನಕ್ಕೆ ಇಡಬೇಕು. ಈಗ ನಾವು ಗಲ್ಲಿಯ ಸಂಜೆ ಅಂತ ಹೇಳಿ, ಪ್ರತಿ ಮನೆಯಿಂದ ಒಂದೊಂದು ಅಡುಗೆ ತನ್ನಿ ಅಂದರೆ ಏನಾಯಿತು? ಅವರ ಕೆಲಸ ಎರಡಾಯಿತು. ಮಧ್ಯಾಹ್ನವಿಡೀ ಒಲೆ ಮುಂದೆ, ಸಂಜೆ ಬಡಿಸುವುದು, ರಾತ್ರಿ ಪಾತ್ರೆ. ಅಂಥ ಸಂಜೆಗೆ ಅವರು ಯಾಕೆ ಬರಬೇಕು?

ಹಾಗಾಗಿ ಒಲೆ ಹಚ್ಚದೆ ಆಗುವ ತಿಂಡಿ ಮಾತ್ರ. ಕಲ್ಲಂಗಡಿ. ಮಾವಿನಹಣ್ಣು, ಅದರಲ್ಲೂ ಅಂಕೋಲೆಯ ಕರಿ ಇಶಾಡ ಬಂದ ದಿನಗಳಾದರೆ ಕೇಳುವುದೇ ಬೇಡ. 2023ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದ್ದೇ ಬೆಳೆ ಅನ್ನುವ ಮಾನ್ಯತೆಯೂ ಸಿಕ್ಕಿದೆ. ಅದು ತುಂಬಾ ದಿನ ಇಡುವ ಹಣ್ಣಲ್ಲ, ಹತ್ತು ಮನೆಯವರು ಸೇರಿ ತಿನ್ನಲು ಹೇಳಿ ಮಾಡಿಸಿದ್ದು. ಕೋಕಂ ಶರಬತ್ತು. ಶಿಯಾಳ. ಇನ್ನು ಅವಲಕ್ಕಿ. ಅವಲಕ್ಕಿಯನ್ನು ಗಂಡಸರು ಕಲಸಲಿ. ಕಾಯಿ ತುರಿದು, ಹಸಿಮೆಣಸು ಹೆಚ್ಚಿ, ಉಪ್ಪು ಸಕ್ಕರೆ ಹಾಕಿ, ಎಲ್ಲ ಅಲ್ಲೇ ದಂಡೆಯ ಮೇಲೆ, ದೊಡ್ಡ ಬುಟ್ಟಿಯಲ್ಲಿ. ಲೋಟ, ತಟ್ಟೆ ಮನೆಯಿಂದಲೇ ತರಬೇಕು, ಅವರವರ ತಟ್ಟೆ ಅವರವರೇ ತೊಳೆಯಬೇಕು. ಮನೆಗೆ ಹೋದಮೇಲೆ ಆ ರಾತ್ರಿ ಅಡುಗೆ ಇಲ್ಲ, ಎಲ್ಲರ ಹೊಟ್ಟೆಯೂ ತುಂಬಿರುತ್ತದೆ. ಇಷ್ಟು ಮಾಡಿದ ಮೇಲೆ ನಮ್ಮಲ್ಲಿ ಬಂದ ಹೆಂಗಸರ ಸಂಖ್ಯೆ ನೋಡಿ ನನಗೇ ಆಶ್ಚರ್ಯ ಆಯಿತು.

ಒಂದು ಸಂಜೆ ಹುಡುಗಿಯರು ಮೊಬೈಲಿನಲ್ಲಿ ಹಾಡು ಹಚ್ಚಿ ಕುಣಿಯುತ್ತಿದ್ದರು. ನೋಡುತ್ತಾ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಅದನ್ನು ಸ್ವಲ್ಪ ನಿಲ್ಲಿಸಿ, ಫುಗಡಿ ಹಾಕುವ ಅಂದರು. ಫುಗಡಿ ಅಂದರೆ ಹೆಂಗಸರು ಸುತ್ತು ಕಟ್ಟಿ ಹಾಡುತ್ತಾ ಕುಣಿಯುವುದು, ನಮ್ಮಲ್ಲಿ ಗಣೇಶ ಚವತಿ ಹೊತ್ತಿಗೆ ಆಡುವುದು. ಯಾರೋ ಅದನ್ನೇ ಹೇಳಿದರು. "ಚವತಿಗೆ ಇನ್ನೂ ನಾಲ್ಕು ತಿಂಗಳು ಬಾಕಿ ಉಂಟು, ನನ್ನ ಕಾಲು ಅಲ್ಲಿವರೆಗೆ ಕಾಯ್ತದೆ ಅಂತ ಗ್ಯಾರಂಟಿ ಕೊಡ್ತೀಯಾ?" ಅಂದರು ಅಜ್ಜಿ. ಕೊಂಕಣಿ ಹಾಡು ಶುರುವಾಯಿತು. ಕನ್ನಡ ಮಾತ್ರ ಬರುವ ಮನೆಯವರೂ ಸುತ್ತು ಸೇರಿದರು. ನಮ್ಮ ಕಾರವಾರದಲ್ಲಿ ಭಾಷೆಯ ವಿಚಾರಕ್ಕೆ ಆಗಾಗ ಮಾತು ಬಿಸಿಯಾಗುತ್ತದೆ. ಆ ಸಂಜೆ ಯಾರಿಗೂ ಅದರ ನೆನಪೇ ಆಗಲಿಲ್ಲ. ಮೈಕು, ವೇದಿಕೆ, ಕಾರ್ಯಕ್ರಮ ಪಟ್ಟಿ ಇದ್ದಿದ್ದರೆ ಆ ಅಜ್ಜಿಯ ಹೆಸರು ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಸಂಗೀತದ ಬಗ್ಗೆ ಅದಕ್ಕೇ ನನ್ನದು ಗಟ್ಟಿ ಮಾತು. ಧ್ವನಿವರ್ಧಕ ಬೇಡ. ಕಾನೂನು ಹೇಗೂ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಹಗಲು ಹಾಕಲೂ ಬರಹದ ಪರವಾನಗಿ ಬೇಕು. ಆದರೆ ಕಾನೂನಿಗಾಗಿ ಅಷ್ಟೇ ನಾನು ಹೇಳುತ್ತಿಲ್ಲ. ಗುಮಟೆ ಇದೆಯಲ್ಲ, ಒಂದು ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಕಟ್ಟಿದ್ದು. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು. ಉಡವನ್ನು ಕೊಲ್ಲುವುದು ಅಪರಾಧ, ಈಗ ಆಡಿನ ಚರ್ಮ ಕಟ್ಟುತ್ತಾರೆ. ಎರಡು ಗುಮಟೆ, ಒಂದು ಜೊತೆ ತಾಳ ಇದ್ದರೆ ಇಡೀ ಗಲ್ಲಿಗೆ ಕೇಳುತ್ತದೆ. ಅದರ ಮೇಲೆ ಮಾತೂ ಆಡಬಹುದು. ಬಾಕ್ಸ್ ಹಚ್ಚಿದರೆ ಪಕ್ಕದವನ ಮಾತು ಕೇಳುವುದಿಲ್ಲ. ಮಾತಾಡಲು ಆಗದಿದ್ದರೆ ನೆರೆಹೊರೆಯವರು ಯಾಕೆ ಸೇರಬೇಕು?

ಇನ್ನು ದಂಡೆಯ ವಿಚಾರ. ದಂಡೆ ಖಾಲಿ ಜಾಗ ಅಂದುಕೊಂಡು ಯಾರೂ ಹೋಗಬೇಡಿ. ಅದು ಮೀನುಗಾರರು ದುಡಿಯುವ ಜಾಗ. ಬಲೆ ಹೊಲಿಯುವುದು, ಮೀನು ಒಣಗಿಸುವುದು, ದೋಣಿ ಇಡುವುದು ಎಲ್ಲ ಅಲ್ಲೇ. ನೌಕಾನೆಲೆ ಬಂದಮೇಲೆ ಅರಗಾ ಕಡೆಯ ತೀರಗಳು ನಮ್ಮ ಕೈತಪ್ಪಿದವು. ಊರಿಗೆ ಅಂತ ಉಳಿದದ್ದು ಟಾಗೋರ್ ಕಡಲತೀರ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕೆಲಸ ಶುರುವಾದಾಗ ಅದೂ ಹೋಗುತ್ತದೆ ಅಂತ ಬೀದಿಗಿಳಿದವರು ಮೀನುಗಾರರು, ಅವರಲ್ಲಿ ಹೆಂಗಸರೂ ಇದ್ದರು. ಈ ದಂಡೆಯಲ್ಲಿ ನಾವು ಚಾಪೆ ಹಾಸುವಾಗ ಅದನ್ನು ನೆನಪಿಡಬೇಕು. ನಾವು ಮೊದಲು ಹೋಗಿ ಕೇಳುವುದು ದೋಣಿಯವರನ್ನೇ. ಯಾವ ದಿನ, ಎಲ್ಲಿ ಕೂತರೆ ಅಡ್ಡಿ ಆಗುವುದಿಲ್ಲ ಅಂತ ಅವರೇ ತೋರಿಸುತ್ತಾರೆ. ಅವರ ಮನೆಯವರನ್ನೂ ಕರೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಅದರ ಮೊದಲಿನ ದಿನಗಳಲ್ಲಿ ಬಂದರಿನಲ್ಲೂ ದಂಡೆಯಲ್ಲೂ ಅವರಿಗೆ ಕೈತುಂಬ ಕೆಲಸ. ಮೇ ಅರ್ಧದ ನಂತರ ಸಮುದ್ರವೂ ಒರಟಾಗುತ್ತದೆ. ಅದಕ್ಕೆ ದಂಡೆಯ ಸಂಜೆಗಳನ್ನು ಅದರೊಳಗೇ ಮುಗಿಸಿ, ಆಮೇಲಿನದ್ದು ಗಲ್ಲಿಯಲ್ಲಿ.

ದಿನ ಆರಿಸುವಾಗ ಬಹಳ ಜನ ಹುಣ್ಣಿಮೆ ಅನ್ನುತ್ತಾರೆ. ಒಳ್ಳೆಯದೇ. ಇಪ್ಪತ್ತೆರಡರ ವಯಸ್ಸಿನ ರವೀಂದ್ರನಾಥ ಟಾಗೋರರು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದಿದ್ದಾಗ ಬೆಳದಿಂಗಳಲ್ಲಿ ಕಾಳಿ ನದಿಗೆ ದೋಣಿಯಲ್ಲಿ ಹೋಗಿ, ಮರಳಿನ ಮೇಲೆ ನಡೆದು ಬಂದದ್ದನ್ನು ಮುಪ್ಪಿಗೆ ಹತ್ತಿರವಾದಾಗಲೂ ಮರೆತಿರಲಿಲ್ಲ. ಅದೂ ನಾಲ್ಕಾರು ಜನರ ಸಣ್ಣ ಗುಂಪೇ. ಆದರೆ ಹುಣ್ಣಿಮೆ, ಅಮಾವಾಸ್ಯೆಗೆ ನಮ್ಮಲ್ಲಿ ಒಂದು ಲೆಕ್ಕ ಇದೆ. ಸಂಜೆ ಐದಾರು ಗಂಟೆಗೆ ನೀರು ಚೆನ್ನಾಗಿ ಇಳಿದಿರುತ್ತದೆ, ಮರಳು ಉದ್ದಕ್ಕೆ ತೆರೆದಿರುತ್ತದೆ. ಅಲ್ಲೇ ಚಾಪೆ ಹಾಸಬೇಕು ಅನ್ನಿಸುತ್ತದೆ. ಆಮೇಲೆ ಭರತಿ ಏರುತ್ತಾ ಹೋಗಿ ರಾತ್ರಿ ಹನ್ನೊಂದರ ಹೊತ್ತಿಗೆ ತುಂಬುತ್ತದೆ, ಬೇರೆ ದಿನಗಳಿಗಿಂತ ಜಾಸ್ತಿ ಮೇಲೆ ಬರುತ್ತದೆ. ಹಾಗಾಗಿ ಒಣ ಮರಳಿನಲ್ಲೇ ಕೂರಿ. ಕತ್ತಲಾದ ಮೇಲೆ ಯಾರೂ ನೀರಿಗಿಳಿಯಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ದೀಪ ಕಡಿಮೆ ಇರಲಿ. ನಮ್ಮ ತೀರಕ್ಕೆ ಚಳಿಗಾಲದಿಂದ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಆಲಿವ್ ರಿಡ್ಲೆ ಜಾತಿಯವು. ಮೊಟ್ಟೆ ಒಡೆಯಲು ಒಂದೂವರೆ ಎರಡು ತಿಂಗಳು ಬೇಕು, ಅಂದರೆ ಬೇಸಿಗೆಯಲ್ಲೂ ಮರಿಗಳು ಹೊರಬರುತ್ತಿರುತ್ತವೆ. ಬೆಳಕು ಎಲ್ಲಿ ಜಾಸ್ತಿಯೋ ಅದೇ ಕಡಲು ಅಂತ ಅವು ಹರಿದು ಹೋಗುತ್ತವೆ. ನಮ್ಮ ಫ್ಲಡ್‌ಲೈಟ್ ನೋಡಿ ರಸ್ತೆಯ ಕಡೆ ಬಂದರೆ ಸತ್ತವು ಅಂತಲೇ ಲೆಕ್ಕ. ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿದ ಕಡೆ ಹೋಗಲೇಬೇಡಿ. ಬೆಂಕಿಯೂ ಬೇಡ. ಚಾಪೆಗೊಂದು ಸಣ್ಣ ಬ್ಯಾಟರಿ ದೀಪ ಸಾಕು.

ಕಡಲಿಗೆ ಹೋಗಲು ಹೆದ್ದಾರಿ 66 ದಾಟಬೇಕು. ವಯಸ್ಸಾದವರಿಗೆ, ಸಣ್ಣ ಮಕ್ಕಳಿಗೆ ಇದೇ ದೊಡ್ಡ ಕಷ್ಟ. ಅದಕ್ಕೆ ಗಲ್ಲಿಯ ಸಂಜೆ. ಕೊನೆ ಮುಚ್ಚಿದ ಗಲ್ಲಿ ಆದರೆ ಒಳ್ಳೆಯದು. ಠಾಣೆಗೆ, ನಗರಸಭೆಗೆ ಮೊದಲೇ ಅರ್ಜಿ ಕೊಡಿ, ಸ್ಟ್ಯಾಂಪ್ ಹಾಕಿದ ಪ್ರತಿ ಜೇಬಲ್ಲಿರಲಿ. ಕಂಬ ನೆಡಬೇಡಿ, ಆಂಬುಲೆನ್ಸಿನಷ್ಟು ದಾರಿ ಬಿಡಿ. ಲಗೋರಿ, ಕೇರಂ, ಒಂದು ಹಗ್ಗ. ಮಕ್ಕಳಿಗೆ ಇಷ್ಟು ಸಾಕು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಕುಡಿಯುವವರು ಬಂದರೆ ಏನು ಮಾಡುವುದು ಅಂತ ಒಬ್ಬರು ಕೇಳಿದರು. ನಮ್ಮಲ್ಲಿ ಕುಡಿದು ಬರುವ ಹಾಗಿಲ್ಲ, ಬಾಟಲಿ ತರುವ ಹಾಗಿಲ್ಲ. ಇದನ್ನು ಗಂಡಸರೇ ಗಂಡಸರಿಗೆ ಹೇಳಬೇಕು. ಹೆಂಗಸರ ಮೇಲೆ ಬಿಡಬಾರದು. ಒಬ್ಬ ಕುಡಿದು ಬಂದರೆ ಹತ್ತು ಮನೆಯ ಹೆಣ್ಣುಮಕ್ಕಳು ಮುಂದಿನ ಸಲ ಬರುವುದಿಲ್ಲ.

ವಿಡಿಯೋ ಮಾಡಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದರೆ ಪ್ರವಾಸಿಗರೂ ಬರುತ್ತಾರಲ್ಲ, ಊರಿಗೆ ಲಾಭ ಅಲ್ವಾ ಅಂತ ಒಬ್ಬ ಹುಡುಗ ಕೇಳಿದ. ದಂಡೆಯಲ್ಲಿ ನಡೆದು ಹೋಗುವ ಪ್ರವಾಸಿ ಬಂದು ಕೂತರೆ ಅವನಿಗೂ ಅವಲಕ್ಕಿ ಕೊಡೋಣ. ಆದರೆ ದಿನ, ಜಾಗ ಮೊದಲೇ ಹಾಕಬೇಡಿ. ಮನೆಮನೆಗೆ ಹೋಗಿ ಹೇಳಿ. ನಾವು ಊರಿಗೆ ಮಾಡುತ್ತಿರುವುದು ವ್ಯಾಪಾರ ಅಲ್ಲಪ್ಪ.

ಕೊನೆಗೆ ಕಾಲೇಜಿನ ಹುಡುಗಿಯೊಬ್ಬಳು ಎದ್ದು, "ನಮ್ಮ ಗಲ್ಲಿಯಲ್ಲಿ ಯಾರೂ ಒಬ್ಬರಿಗೊಬ್ಬರು ಮಾತೇ ಆಡುವುದಿಲ್ಲ. ಹೇಗೆ ಶುರು ಮಾಡಲಿ?" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಈ ರವಿವಾರ ಸಂತೆಯಿಂದ ಬರುವಾಗ ಒಂದು ಕಲ್ಲಂಗಡಿ ಜಾಸ್ತಿ ತಾ. ಆರು ಗಂಟೆಗೆ ಮನೆ ಮುಂದೆ ಚಾಪೆ ಹಾಸಿ ಅಲ್ಲೇ ಕೊಯ್ಯಿ. ಆಚೆ ಈಚೆ ಮನೆಯ ಮಕ್ಕಳನ್ನು ಕರಿ. ಮಕ್ಕಳನ್ನು ಹುಡುಕಿಕೊಂಡು ತಾಯಂದಿರು ಬರುತ್ತಾರೆ, ಅವರಿಗೂ ಒಂದೊಂದು ಹೋಳು ಕೊಡು. ಮುಂದಿನ ರವಿವಾರದ ಹಣ್ಣು ಯಾರು ತರುತ್ತೀರಿ ಅಂತ ಅಲ್ಲೇ ಕೇಳು. ಆರೇಳು ಮನೆ ಆದಮೇಲೆ ನಮಗೆ ತಿಳಿಸು. ನಮ್ಮ ಗಲ್ಲಿಯ ಚಾಪೆ, ದೀಪ, ಅವಲಕ್ಕಿ ಕಲಸುವ ಬುಟ್ಟಿ ಮೂರನ್ನೂ ನಾವೇ ತಂದುಕೊಡುತ್ತೇವೆ.